ಕೊಟ್ರೇಶಿ ಬಂದ ಕಾರಣ

ನಮ್ಮೂರಿನ ಮೈದಾನಕ್ಕೆ ಕಾಲಿಟ್ಟವರಿಗೆ ತಾವು ಯಾಕೆ ಬಂದೆವು ಅನ್ನೋದು ಮರೆತುಹೋಗುತ್ತೆ. ಹೆಸರು ಮರೆಯಲ್ಲ, ಮನೆ ಮರೆಯಲ್ಲ, ಬೆಳಿಗ್ಗೆ ಹೆಂಡತಿ ಅಂದ ಮಾತೂ ಮರೆಯಲ್ಲ. ಬಂದ ಕಾರಣ ಒಂದೇ ಹೋಗೋದು. ಹೊಸಬರು ಇದನ್ನ ಕೇಳಿ ಬಾಯಿ ಬಾಯಿ ಬಿಡ್ತಾರೆ. ಕೆಲವು ಊರಲ್ಲಿ ನೀರು ಸವುಳು ಇರುತ್ತಲ್ಲ, ನಮಗೆ ಇದು ಅಷ್ಟೇ. ಹೊಂದಿಕೊಂಡುಬಿಟ್ಟಿದೀವಿ.

ಹಾಗಾದ್ರೆ ಬೇಲಿ ಹಾಕಿಬಿಡಬಹುದಿತ್ತಲ್ಲ ಅಂತ ಕೇಳ್ತಾರೆ. ಹೇಗೆ ಹಾಕ್ತೀರಿ ಸ್ವಾಮಿ? ಈ ಕಡೆ ಪೇಟೆ, ಆ ಕಡೆ ಬಸ್ ಸ್ಟ್ಯಾಂಡು, ನಡುವೆ ಮೈದಾನ. ಅಡ್ಡ ಹಾಯ್ದರೆ ನಾಲ್ಕು ನಿಮಿಷ, ಕೆರೆ ಏರಿ ಹಿಡಿದು ಸುತ್ತಿ ಹೋದ್ರೆ ಅರ್ಧ ಗಂಟೆ. ಅರ್ಧ ಗಂಟೆ ಉಳಿಸೋಕೆ ಮನುಷ್ಯ ಏನನ್ನ ಬೇಕಾದ್ರೂ ಮರೀತಾನೆ. ಬೇಕಂತಲೇ ಕಾಲಿಡೋರೂ ಇದ್ದಾರೆ. ನಾದಿನಿ ಮನೆಗೆ ಜಗಳಕ್ಕೆ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟವರು ಮೈದಾನ ದಾಟೋ ಹೊತ್ತಿಗೆ ತಣ್ಣಗಾಗಿ, ಅಲ್ಲೇ ಕಾಫಿ ಕುಡಿದು ಬಂದದ್ದು ನಾನೇ ನೋಡಿದೀನಿ. ಒಂದು ಸಲ ಪುರಸಭೆಯವರು ಈ ಮೈದಾನದ ಬಗ್ಗೆಯೇ ತನಿಖೆ ಮಾಡೋಕೆ ಬಂದ್ರು. ನಡುವೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಗಾಳಿ ಚೆನ್ನಾಗಿದೆ" ಅಂತ ವರದಿ ಬರೆದು ಹೋದ್ರು.

ನಾನು ಮುರಿಗೆಪ್ಪ. ನನ್ನ ಕೆಲಸ ಕೂಗೋದು. ಪುರಸಭೆಯ ಪಟ್ಟಿಯಲ್ಲಿ ಕೂಗಾಳು ಅಂತಲೇ ಬರೆದಿದೆ. ನಾವು ಮೈದಾನದ ದಡದ ಮೇಲೆ ನಿಂತಿರ್ತೀವಿ. ಅಡ್ಡ ಹಾಯೋರು ಹುಲ್ಲಿಗೆ ಕಾಲಿಡೋ ಮೊದಲು ಹತ್ತಿರ ಬಂದು, ನಾನು ಇಂಥ ಕೆಲಸಕ್ಕೆ ಹೊರಟಿದೀನಿ ಅಂತ ಒಪ್ಪಿಸಿ ಹೋಗ್ತಾರೆ. ನಡುವೆ ತಲುಪಿದ ಮೇಲೆ ನಿಲ್ತಾರೆ. ಆಕಾಶ ನೋಡ್ತಾರೆ, ಕೈ ನೋಡ್ಕೋತಾರೆ, ಆಮೇಲೆ ದಡದ ಕಡೆ ತಿರುಗಿ, "ನಾನ್ಯಾಕೆ ಬಂದೆ?" ಅಂತಾರೆ. ನಾವು ಕೂಗ್ತೀವಿ. "ಪಂಪಣ್ಣ, ನೀನು ಹಲ್ಲು ಕೀಳಿಸೋಕೆ ಹೊರಟಿದೀಯ." ಪಂಪಣ್ಣನ ಮುಖ ಬಾಡುತ್ತೆ, ಆದ್ರೂ ಹೋಗ್ತಾನೆ. ಹುಲ್ಲಿನ ಮೇಲೆ ನಿಂತಾಗ ಕಿವಿಗೆ ಬಿದ್ದ ಕಾರಣ ಅವನದೇ ಕಾರಣ ಆಗಿಬಿಡುತ್ತೆ, ಮಾಡಿ ಮುಗಿಸೋವರೆಗೂ ಅವನನ್ನ ಬಿಡಲ್ಲ. ಅದಕ್ಕೇ ಕೆಲಸಕ್ಕೆ ಸೇರೋ ದಿನ ನಮ್ಮ ಕೈಲಿ ಒಂದು ಮಾತು ಹೇಳಿಸ್ತಾರೆ: ಒಪ್ಪಿಸಿದ್ದನ್ನೇ ಕೂಗ್ತೀನಿ, ಬೇರೆ ಕೂಗಲ್ಲ. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಆ ಮಾತಿಗೆ ನಾನು ತಪ್ಪಿದ್ದು ಒಂದೇ ಸಲ. ಹೆಮ್ಮೆಯಿಂದ ಹೇಳ್ತಿಲ್ಲ. ಕೆಲವು ತಪ್ಪನ್ನ ಒಂದು ಸಲ ಮಾಡಿದ್ರೆ ಸಾಕಾಗುತ್ತೆ.

ಆ ತಪ್ಪಿನ ಹೆಸರು ಕೊಟ್ರೇಶಿ. ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟುಕೊಂಡು ಬಸ್ಸಿಳಿದು ದಡಕ್ಕೆ ಬಂದ. ತಲೆಗೆ ಎಣ್ಣೆ ಸ್ವಲ್ಪ ಜಾಸ್ತಿಯೇ ಆಗಿತ್ತು. ಬೇರೆ ಊರವನು, ಹಿಂದೆ ಮುಂದೆ ಯಾರೂ ಇಲ್ಲದವನು. ಇಲ್ಲಿಯ ಪದ್ಧತಿ ವಿವರಿಸಿದೆ. ಸಂಕೋಚ ಪಟ್ಟುಕೊಂಡೇ ಒಪ್ಪಿಸಿದ. "ಪೇಟೆಯಲ್ಲಿ ರಾಚಪ್ಪನವರ ಮಗಳನ್ನ ನೋಡೋಕೆ ಬಂದಿದೀನಿ ಅಣ್ಣ, ಹೆಣ್ಣು ನೋಡೋ ಶಾಸ್ತ್ರ. ಹೆಸರು ನೀಲಮ್ಮ ಅಂತೆ." ರಾಚಪ್ಪನವರ ಮಗಳ ಹೆಸರು ನೀಲಮ್ಮ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ವರ್ಷದಿಂದ ಆ ಮನೆ ಮುಂದೆ ಕಾರಣ ಇಲ್ಲದೆ ಸೈಕಲ್ ತುಳಿದವನು ನಾನು. ರಾಚಪ್ಪನವರು ಒಂದು ಸಲ ಕರೆದು, "ಸೈಕಲ್ಲಿಗೆ ಎಣ್ಣೆ ಬಿಡಪ್ಪ, ಕಿರಗುಡುತ್ತೆ" ಅಂದಿದ್ರು. ಅಲ್ಲಿಗೆ ನನ್ನ ಧೈರ್ಯ ಮುಗಿದಿತ್ತು.

ಕೊಟ್ರೇಶಿ ಹುಲ್ಲಿಗಿಳಿದ. ನಡುವೆ ಹೋಗಿ ನಿಂತ. ತಿರುಗಿ ಕೇಳಿದ. ನನ್ನ ಬಾಯಿಂದ ಬಂತು: "ಮರಳು ಚೆಲ್ಲೋಕೆ ಬಂದಿದೀಯ." ಬಾಯಿಂದ ಬಂತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದೀನಿ. ಬರಲಿಲ್ಲ, ನಾನು ಹೇಳಿದೆ. ಅವನು ಒಂದು ಗಳಿಗೆ ನಿಂತು, ಬಿಳಿ ಅಂಗಿಯ ತೋಳು ಮಡಚಿಕೊಂಡು, ಆಗ ಮರಳಿನ ಪುಟ್ಟಿ ಹೊತ್ತು ಓಡಾಡ್ತಿದ್ದವರ ಸಾಲಿಗೆ ಸೇರಿಕೊಂಡ.

ಮರಳಿನ ವಿಷಯ ಹೇಳಬೇಕು. ಯಾಕೆ ಬಂದೆ ಅಂತ ಜನ ನಿಂತಲ್ಲೇ ನಿಂತು ಯೋಚಿಸ್ತಾರಲ್ಲ, ಅಲ್ಲಿ ತಗ್ಗು ಬೀಳುತ್ತೆ. ತಗ್ಗಿನಲ್ಲಿ ಮಳೆನೀರು ನಿಂತು ಹುಲ್ಲು ಕೊಳೆಯುತ್ತೆ. ಅದಕ್ಕೆ ಜರಡಿ ಹಿಡಿದ ಒಣ ಮರಳನ್ನ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಬೇಕು, ತೆಂಗಿನ ನಾರಿನ ಚಾಪೆ ಎಳೆದು ಸಮ ಮಾಡಬೇಕು. ಹುಲ್ಲಿನ ತುದಿ ಮರಳಿನ ಮೇಲೆ ಕಾಣ್ತಿರಬೇಕು. ಹದಿನೈದು ದಿನಕ್ಕೆ ಮರಳು ಕಾಣಲ್ಲ, ಹುಲ್ಲು ಮೇಲೆ ಬಂದಿರುತ್ತೆ. ಆದ್ರೆ ಅಷ್ಟರಲ್ಲಿ ಜನ ಇನ್ನೊಂದು ಕಡೆ ನಿಂತು ಯೋಚಿಸಿರ್ತಾರೆ. ಮರಳು ಚೆಲ್ಲೋ ಕೆಲಸ ಈ ಊರಲ್ಲಿ ಯಾವತ್ತೂ ಮುಗಿದದ್ದಿಲ್ಲ. ಮುಗಿಯದ ಕಾರಣ ಒಬ್ಬನಿಗೆ ಅಂಟಿದ್ರೆ ಏನಾಗುತ್ತೆ, ಹೇಳಿ. ಕೊಟ್ರೇಶಿ ವಾಪಸ್ ಹೋಗಲೇ ಇಲ್ಲ.

ಪುರಸಭೆಯವರು ಅವನನ್ನ ಪುಟ್ಟಿಯಾಳು ಅಂತ ಪಟ್ಟಿಗೆ ಹಾಕಿಕೊಂಡ್ರು. ಮೈದಾನದ ಹಿಂದೆ ಪಂಪ್‌ಹೌಸಿನ ಕೋಣೆ ಕೊಟ್ರು. ಪುಟ್ಟಿಯಾಳಿಗೆ ಒಬ್ಬ ಕೂಗಾಳು ಬೇಕು, ಅವನಿಗೆ ನಾನೇ ಆದೆ. ರಾಚಪ್ಪನವರ ಮನೆಯಲ್ಲಿ ಗಂಡು ಬರಲಿಲ್ಲ ಅಂತ ಅವಮಾನ ಆಯ್ತು. ಯಾರೋ ದಲ್ಲಾಳಿ ಗೊತ್ತು ಮಾಡಿದ್ದ ಗಂಡು, ಅವನ ಹೆಸರು, ಮುಖ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀದಿಯವರೆಲ್ಲ ನಾಲ್ಕು ಮಾತಾಡಿದ್ರು. ಆ ಬಿಸಿಯಲ್ಲೇ ನಮ್ಮ ಚಿಕ್ಕಪ್ಪನನ್ನ ಕಳಿಸಿ ಹೆಣ್ಣು ಕೇಳಿಸಿದೆ. ಸೈಕಲ್ ಕಿರಗುಟ್ಟೋದು ನಿಂತಿದೆಯಾ ಅಂತ ಕೂಡ ರಾಚಪ್ಪನವರು ಕೇಳಲಿಲ್ಲ, ಒಪ್ಪಿಬಿಟ್ರು. ಒಬ್ಬಳೇ ಮಗಳು, ಅದೇ ಮನೆಗೆ ಅಳಿಯನಾಗಿ ಹೋದೆ. ಮಕ್ಕಳಾಗಲಿಲ್ಲ. ಮಾವ ತೀರಿಕೊಂಡ್ರು. ಕೊಟ್ರೇಶಿ ಮದುವೆ ಆಗಲಿಲ್ಲ. ಯಾರಾದ್ರೂ ಮಾತೆತ್ತಿದ್ರೆ, "ನಾನು ಬಂದಿರೋ ಕೆಲಸ ಬೇರೆ ಇದೆ" ಅಂತಿದ್ದ. ಹಬ್ಬಕ್ಕೆ ನಮ್ಮ ಮನೆಗೆ ಊಟಕ್ಕೆ ಬರ್ತಿದ್ದ. ನೀಲಮ್ಮ ಹೋಳಿಗೆ ಬಡಿಸಿದ್ರೆ, "ಸಾಕು ಅತ್ತಿಗೆ" ಅಂತ ತಟ್ಟೆಗೆ ಕೈ ಅಡ್ಡ ಹಿಡೀತಿದ್ದ. ಅವನು ಸಾಕು ಅಂದಾಗೆಲ್ಲ ನನ್ನ ಗಂಟಲಲ್ಲಿ ಹೋಳಿಗೆ ಇಳೀತಿರಲಿಲ್ಲ. ಆದ್ರೂ ತಿಂದಿದೀನಿ, ಸುಳ್ಳು ಹೇಳಲ್ಲ.

ನೀಲಮ್ಮ ಮಾತ್ರ ಮದುವೆಯಾದ ಮೇಲೂ, ಮೊದಲೂ, ಒಂದು ದಿನವೂ ಮೈದಾನಕ್ಕೆ ಕಾಲಿಟ್ಟವಳಲ್ಲ. ಬಸ್ ಸ್ಟ್ಯಾಂಡಿಗೆ ಹೋಗಬೇಕಾದ್ರೆ ಏರಿ ಸುತ್ತಿ ಅರ್ಧ ಗಂಟೆ ನಡೀತಾಳೆ. ಗಂಡ ಕೂಗಾಳು ಇದ್ದೂ ಯಾಕಮ್ಮ ಅಂತ ಕೇಳಿದವರಿಗೆ, "ನನ್ನ ಕಾರಣ ಇನ್ನೊಬ್ಬರ ಬಾಯಿಗೆ ಯಾಕೆ ಕೊಡಲಿ" ಅಂತಾಳೆ.

ಹೀಗಿರುವಾಗ ಈ ವರ್ಷ ಯಂತ್ರ ಬಂತು. ಲಾರಿಯಿಂದ ಇಳಿಸಿದಾಗ ಊರೇ ದಡದ ಮೇಲಿತ್ತು. ನಾಲ್ಕು ದಪ್ಪ ಟೈರು, ಮೇಲೆ ಮರಳು ತುಂಬೋ ತೊಟ್ಟಿ, ತೊಟ್ಟಿಯ ತಳದಲ್ಲಿ ಓಡೋ ರಬ್ಬರ್ ಬೆಲ್ಟು, ಹಿಂದೆ ಗಿರ್ರಂತ ಸುತ್ತೋ ಎರಡು ತಟ್ಟೆ. ಬೆಲ್ಟು ಮರಳನ್ನ ತಂದು ತಟ್ಟೆಗೆ ಬೀಳಿಸುತ್ತೆ, ತಟ್ಟೆ ಅದನ್ನ ಹತ್ತು ಹೆಜ್ಜೆ ಅಗಲಕ್ಕೆ ಎರಚುತ್ತೆ. ಕೂತು ಓಡಿಸೋಕೆ ಸೀಟೇ ಇಲ್ಲ. ವೈರೂ ಇಲ್ಲ. ಕುತ್ತಿಗೆಗೆ ಪಟ್ಟಿ ಹಾಕಿ ಹೊಟ್ಟೆ ಮೇಲೆ ತೂಗುಹಾಕಿಕೊಳ್ಳೋ ಒಂದು ರಿಮೋಟು. ಎಡಗಡೆ ಕಡ್ಡಿ ಓಡಿಸೋಕೆ, ಬಲಗಡೆ ಕಡ್ಡಿ ಮರಳಿನ ಬಾಗಿಲು ತೆಗೆಯೋಕೆ, ನಡುವೆ ನಿಲ್ಲಿಸೋ ಕೆಂಪು ಗುಂಡಿ. ಇನ್ನೂರು ಮೀಟರ್ ದೂರದಿಂದ ಹೇಳಿದ ಮಾತು ಕೇಳುತ್ತಂತೆ. ಅದಕ್ಕಿಂತ ದೂರ ಹೋದ್ರೆ ತಾನಾಗೇ ನಿಲ್ಲುತ್ತಂತೆ. ನಮ್ಮ ಮುಖ್ಯಾಧಿಕಾರಿ ಮೇಡಂ ಭಾಷಣದಲ್ಲಿ, "ಯಂತ್ರಕ್ಕೆ ಉದ್ದೇಶವೇ ಇಲ್ಲದಿರುವುದರಿಂದ ಮರೆಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ" ಅಂದ್ರು. ಜನ ಚಪ್ಪಾಳೆ ತಟ್ಟಿದ್ರು. ಹನ್ನೊಂದು ಜನ ಪುಟ್ಟಿಯಾಳುಗಳೂ ತಟ್ಟಿದ್ರು. ತಮ್ಮ ಕೆಲಸ ಹೋಯ್ತು ಅನ್ನೋದು ಅವರಿಗೆ ಮನೆಗೆ ಹೋದ ಮೇಲೆ ಹೊಳೆದಿರಬೇಕು.

ಕಲಿಸಿಕೊಡೋಕೆ ಕಂಪನಿಯಿಂದ ಮಾರ್ಟಿನ್ ಅಂತ ಒಬ್ಬರು ಬಂದಿದ್ರು. ಬೆಲ್ಟಿನ ಬಿಗಿ ತೋರಿಸ್ತೀನಿ ಅಂತ ಹುಲ್ಲಿಗೆ ಹೊರಟ್ರು. "ಸಾರ್, ಒಪ್ಪಿಸಿ ಹೋಗಿ" ಅಂದೆ. "ನನ್ನ ಹತ್ರ ಸರ್ಟಿಫಿಕೇಟ್ ಇದೆ" ಅಂದ್ರು. ಯಂತ್ರದ ಹತ್ರ ಹೋಗಿ ಅದನ್ನ ಸುತ್ತಲೂ ನೋಡಿ, ವಾಪಸ್ ಬಂದು, "ಒಳ್ಳೇ ಗಾಡಿ, ಅದಕ್ಕೂ ನನಗೂ ಏನು ಕೆಲಸ?" ಅಂತ ಕೇಳಿದ್ರು. ನಾಲ್ಕು ಸಲ ಹೋಗಿ ನಾಲ್ಕು ಸಲವೂ ಹಾಗೇ ಬಂದ್ರು. ಐದನೇ ಸಲ ಅವರ ಸಹಿ ಹಾಕಿಸಿಕೊಂಡು, ಪುಸ್ತಕ ಇಸಕೊಂಡು, ಬಸ್ ಹತ್ತಿಸಿದ್ವಿ. ರಿಮೋಟು ಹಿರಿಯ ಕೂಗಾಳು ಅಂತ ನನ್ನ ಕುತ್ತಿಗೆಗೆ ಬಿತ್ತು.

ಎಷ್ಟು ಸುಲಭ ಅಂದ್ಕೊಂಡಿದ್ದೆ. ಯಂತ್ರ ನನಗೆ ಬೆನ್ನು ಹಾಕಿ ಹೋಗುವಾಗ ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ತಿರುಗಿ ನನ್ನ ಕಡೆ ಮುಖ ಮಾಡಿ ಬರುವಾಗ ಎಲ್ಲ ಉಲ್ಟಾ. ನಾನು ಎಡಕ್ಕೆ ತಳ್ಳಿದ್ರೆ ಅದು ನನ್ನ ಬಲಕ್ಕೆ ಹೋಗುತ್ತೆ. ಮೊದಲ ದಿನ ದಡದ ಬೇವಿನ ಮರಕ್ಕೆ ಗುದ್ದಿಸಿದೆ. ಎರಡನೇ ದಿನ ಮರಳಿನ ಬಾಗಿಲು ಪೂರ್ತಿ ತೆಗೆದು, ಒಂದು ಜಾಗದಲ್ಲಿ ಹುಲ್ಲಿನ ಸಮಾಧಿಯೇ ಕಟ್ಟಿದೆ. ಪುಟ್ಟಿಯಾಳುಗಳ ಜೊತೆಗೇ ಕೆಲಸ ಕಳಕೊಂಡ ಕೂಗಾಳುಗಳು ದಡದ ಮೇಲೆ ಕೂತು, "ಮುರಿಗೆಪ್ಪ, ಅದಕ್ಕೂ ಒಂಚೂರು ಕೂಗಿ ಹೇಳೋ" ಅಂತ ನಗಾಡಿದ್ರು. ಸಿಟ್ಟು ಬಂತು. ಆದ್ರೆ ಕುತ್ತಿಗೆಯಲ್ಲಿ ರಿಮೋಟು ಇರೋವಾಗ ಕೈ ಮಾಡೋಕಾಗಲ್ಲ.

ಕಲಿಸಿದವನು ಕೊಟ್ರೇಶಿ. ಕೆಲಸ ಹೋದವನು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಂದು ನನ್ನ ಪಕ್ಕ ಕೂರ್ತಿದ್ದ. "ಮುರಿಗಣ್ಣ, ನಾನು ಪುಟ್ಟಿ ಹೊತ್ತು ನಿನ್ನ ಕಡೆ ಬರುವಾಗ ನೀನು ಎಡಕ್ಕೆ ಸರಿ ಅಂತ ಕೂಗ್ತಿದ್ದೆ. ಅದು ಯಾರ ಎಡ?"

"ನಿನ್ನ ಎಡ."

"ಹ್ಞೂ. ನಿನಗೆ ಯೋಚನೆ ಮಾಡಬೇಕಾಗ್ತಿತ್ತಾ?"

"ಇಲ್ಲ."

"ಹಾಗಾದ್ರೆ ಅದು ಯಂತ್ರ ಅನ್ಕೋಬೇಡ. ನಾನೇ ಬರ್ತಿದೀನಿ ಅನ್ಕೋ."

ಅನ್ಕೊಂಡೆ. ಅವತ್ತಿಂದ ನೆಟ್ಟಗೆ ಓಡಿತು. ಮರಳಿನ ಬಾಗಿಲು ಎಷ್ಟು ತೆಗೆದ್ರೆ ಹುಲ್ಲಿನ ತುದಿ ಕಾಣುತ್ತೆ ಅನ್ನೋದನ್ನೂ ಅವನೇ ದೂರದಿಂದ ನೋಡಿ ಹೇಳ್ತಿದ್ದ. ಹನ್ನೊಂದು ಜನ ಎರಡು ವಾರ ಮಾಡ್ತಿದ್ದ ಕೆಲಸ ಯಂತ್ರ ಮೂರು ದಿನಕ್ಕೆ ಮುಗಿಸಿತು. ಮೇಡಂ ನನ್ನ ಬೆನ್ನು ತಟ್ಟಿದ್ರು. ನಾನು ಪಕ್ಕದಲ್ಲಿ ಕೂತವನ ಹೆಸರು ಹೇಳಲಿಲ್ಲ. ಹೇಳಿದ್ರೆ ಏನು ಗಂಟು ಹೋಗ್ತಿತ್ತೋ ಗೊತ್ತಿಲ್ಲ. ಹೇಳಲಿಲ್ಲ ಅಷ್ಟೆ.

ಆ ವಾರ ಪುಟ್ಟಿಯಾಳುಗಳಿಗೆ ಪತ್ರ ಬಂತು. ಕೊಟ್ರೇಶಿ ತನ್ನದನ್ನ ಮಡಚಿ ಜೇಬಲ್ಲಿಟ್ಟುಕೊಂಡು ಬಂದು ನನ್ನ ಕೈಗೆ ಕೊಟ್ಟ. "ತಾವು ಬಂದ ಉದ್ದೇಶ ಪೂರೈಸಿರುವುದರಿಂದ ತಮ್ಮನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ."

"ಪೂರೈಸಿದೆ ಅಂತಾರಲ್ಲ ಮುರಿಗಣ್ಣ" ಅಂದ. "ನನಗೆ ಹಾಗೆ ಅನ್ನಿಸ್ತಾನೇ ಇಲ್ಲ. ಎಲ್ಲರಿಗೂ ಬಂದ ಕೆಲಸ ಮುಗಿದ್ರೆ ಎದೆ ಹಗುರ ಆಗುತ್ತೆ. ನನಗೆ ಇಪ್ಪತ್ತೆರಡು ವರ್ಷ ಮರಳು ಚೆಲ್ಲಿ ಒಂದು ದಿನವೂ ಹಗುರ ಆಗಲಿಲ್ಲ. ಅವತ್ತು ನಾನು ನಿನ್ನ ಹತ್ರ ಒಪ್ಪಿಸಿದ್ದು ಇದನ್ನೇ ತಾನೆ?"

ಇಪ್ಪತ್ತೆರಡು ವರ್ಷದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಇನ್ನೇನು ಒಪ್ಪಿಸಿರ್ತೀಯ" ಅಂದೆ. ನನ್ನ ದನಿ ನನಗೇ ಯಾರದ್ದೋ ಅನ್ನಿಸ್ತು.

"ಹಾಗಾದ್ರೆ ಸರಿ. ಮರಳು ಇನ್ನು ಯಂತ್ರದ ಪಾಲು, ಇಲ್ಲಿ ಇನ್ನೇನು ಕೆಲಸ ಇದೆ ನನಗೆ. ಶುಕ್ರವಾರ ಹನ್ನೆರಡೂವರೆ ಬಸ್ಸಿಗೆ ಹೊರಡ್ತೀನಿ. ಎಲ್ಲಿಗೆ ಅಂತ ಬಸ್ಸಲ್ಲಿ ಕೂತು ಯೋಚಿಸ್ತೀನಿ."

ಕೇಳಿ, ಆ ಕ್ಷಣ ನನಗಾದದ್ದು ದುಃಖ ಅಲ್ಲ. ಸಮಾಧಾನ. ಅವನು ಬಸ್ ಹತ್ತಿದ್ರೆ ಮುಗೀತು, ನನ್ನ ತಪ್ಪು ಅವನ ಟ್ರಂಕಿನ ಜೊತೆಗೇ ಊರು ಬಿಡುತ್ತೆ. ಇನ್ನು ಮೇಲೆ ಹೋಳಿಗೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತೆ. ಬುಧವಾರ, ಗುರುವಾರ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ಹೇಳಿದ್ರೆ ನೀಲಮ್ಮನಿಗೂ ಗೊತ್ತಾಗುತ್ತೆ. ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಇದರಲ್ಲಿ ಯೋಚಿಸೋಕೆ ಏನಿದೆ ಅಂತ ನನ್ನನ್ನ ನಾನೇ ಬೈದುಕೊಂಡು ಮಗ್ಗುಲು ಬದಲಾಯಿಸಿದೆ.

ಶುಕ್ರವಾರ ಬೆಳಿಗ್ಗೆ ಜಿಟಿಜಿಟಿ ಹನಿ ಬಿದ್ದು ನಿಂತಿತ್ತು. ಕೊಟ್ರೇಶಿ ಟ್ರಂಕು ತಂದು ದಡದ ಮೇಲಿಟ್ಟು, ಹೋಗೋವರೆಗೂ ಕೂರ್ತೀನಿ ಅಂತ ಕೂತ. ನಾನು ತೊಟ್ಟಿಗೆ ಮರಳು ತುಂಬಿಸ್ತಿದ್ದೆ. ಅವನು ಒಂದು ಹಿಡಿ ತಗೊಂಡು ಅಮುಕಿ ನೋಡಿದ. ಅಂಗೈ ತೆರೆದ್ರೂ ಮರಳು ಉಂಡೆಯಾಗೇ ಇತ್ತು. "ಹಸಿ ಇದೆ ಮುರಿಗಣ್ಣ, ಇವತ್ತು ಬೇಡ."

"ಯಂತ್ರಕ್ಕೆ ಹಸಿ ಒಣ ಎಲ್ಲ ಒಂದೇ" ಅಂದೆ. ನನಗೆ ಗಡಿಬಿಡಿ. ಕೈಗೆ ಕೆಲಸ ಇದ್ರೆ ಬಾಯಿ ಸುಮ್ಮನಿರುತ್ತೆ ಅನ್ನೋ ಲೆಕ್ಕ.

ಯಂತ್ರ ಸರಿಯಾಗಿ ಮೈದಾನದ ನಡುವೆ ಹೋಗಿ ನಿಂತಿತು. ಹಸಿ ಮರಳು ಗಡ್ಡೆಗಟ್ಟಿ ಬೆಲ್ಟು ಮತ್ತು ಬಾಗಿಲ ನಡುವೆ ಸಿಕ್ಕಿಕೊಂಡಿತ್ತು. ಕಡ್ಡಿ ಹಿಂದೆ ಮುಂದೆ ಆಡಿಸಿದೆ, ಗುರ್ ಅಂತು, ಕದಲಲಿಲ್ಲ. ಯಾರಾದ್ರೂ ಹೋಗಿ ಕೈಯಲ್ಲಿ ಬಿಡಿಸಬೇಕು. ನಾನು ಹೋದ್ರೆ ನನಗೆ ಕೂಗೋರಿಲ್ಲ, ಉಳಿದ ಕೂಗಾಳುಗಳನ್ನೆಲ್ಲ ಮನೆಗೆ ಕಳಿಸಿ, ಅಡ್ಡ ಹಾಯೋರಿಗೆ ಕೂಗೋಕೂ ನನ್ನೊಬ್ಬನನ್ನೇ ಉಳಿಸಿದ್ರು. ಕೊಟ್ರೇಶಿ ಆಗಲೇ ಪಂಚೆ ಮೇಲೆ ಕಟ್ಟಿಕೊಂಡು ಎದ್ದಿದ್ದ. ಪದ್ಧತಿ ಪ್ರಕಾರ ನನ್ನೆದುರು ನಿಂತು ಒಪ್ಪಿಸಿದ. "ಬೆಲ್ಟಿಗೆ ಸಿಕ್ಕಿರೋ ಮರಳು ಬಿಡಿಸೋಕೆ ಹೋಗ್ತಿದೀನಿ. ಕೂಗು."

ಹೋದ. ಯಂತ್ರದ ಪಕ್ಕ ನಿಂತ. ತಿರುಗಿ, "ನಾನ್ಯಾಕೆ ಬಂದೆ?" ಅಂದ. ಒಪ್ಪಿಸಿದ್ದನ್ನೇ ಕೂಗಿದೆ. ಬಗ್ಗಿ ಕೈ ಹಾಕಿ ಗಡ್ಡೆ ಗಡ್ಡೆ ಮರಳು ತೆಗೆದು ಪಕ್ಕಕ್ಕೆ ಹಾಕಿದ. ನಾನು ಕಡ್ಡಿ ತಳ್ಳಿದೆ. ಬೆಲ್ಟು ಓಡಿತು, ತಟ್ಟೆ ಸುತ್ತಿತು. ಅವನು ಸೊಂಟ ನೆಟ್ಟಗೆ ಮಾಡಿ, ಕೈ ಒರೆಸಿಕೊಂಡು, ಮತ್ತೆ ನನ್ನ ಕಡೆ ತಿರುಗಿದ. ಕೆಲಸ ಮುಗಿದ ಮೇಲೂ ಹುಲ್ಲಿನ ಮೇಲೆ ನಿಂತವನಿಗೆ ಮುಂದಿನದು ಗೊತ್ತಾಗಲ್ಲ, ವಾಪಸ್ ಬಾ ಅಂತ ನಾವು ಕೂಗಬೇಕು. "ಇದಾಯ್ತು ಮುರಿಗಣ್ಣ" ಅಂದ. "ಇನ್ನು ನಾನ್ಯಾಕೆ ಬಂದದ್ದು?"

ಅವತ್ತಿನ ಜಾಗವೇ. ಅವತ್ತು ತಲೆ ಕಪ್ಪಗಿತ್ತು, ಇವತ್ತು ಮರಳಿನ ಬಣ್ಣ. ಅವನ ಮುಖದಲ್ಲಿ ಅನುಮಾನ ಅನ್ನೋದು ಒಂದು ಚೂರೂ ಇರಲಿಲ್ಲ. ನಾನೇನು ಕೂಗಿದ್ರೂ ತಗೋತಾನೆ, ತಗೊಂಡು ಜೀವನ ಪೂರ್ತಿ ಅದನ್ನೇ ಮಾಡ್ತಾನೆ. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟಿತು. ವಾಪಸ್ ಬಾ, ಬಸ್ಸಿಗೆ ಹೊತ್ತಾಯ್ತು ಅನ್ನಬೇಕಿತ್ತು. "ನೀಲಮ್ಮನ್ನ ನೋಡೋಕೆ ಬಂದಿದೀಯ" ಅಂತ ಕೂಗಿದೆ. "ರಾಚಪ್ಪನವರ ಮಗಳನ್ನ. ಹೆಣ್ಣು ನೋಡೋ ಶಾಸ್ತ್ರಕ್ಕೆ. ನೀನು ಮೊದಲ ದಿನ ಒಪ್ಪಿಸಿದ್ದು ಅದನ್ನೇ. ಮರಳು ನಾನು ಹೇಳಿದ ಸುಳ್ಳು."

ಅವನು ನಿಂತೇ ಇದ್ದ. ಓಡಿ ಬಂದು ಹೊಡೀತಾನೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿತ್ತು. ನಿಧಾನಕ್ಕೆ ಬಂದ. ಟ್ರಂಕು ತೆರೆದು, ತೊಳೆದಿಟ್ಟಿದ್ದ ಅಂಗಿ ತೆಗೆದು ಹಾಕಿಕೊಂಡ. ಗುಂಡಿ ಕತ್ತಿನವರೆಗೂ ಹಾಕಿಕೊಂಡ.

"ಕೊಟ್ರ, ಅವಳು ನನ್ನ ಹೆಂಡತಿ ಕಣೋ."

"ನನಗೆ ಅಷ್ಟೂ ಗೊತ್ತಿಲ್ವಾ. ಇಪ್ಪತ್ತೆರಡು ವರ್ಷದಿಂದ ಅತ್ತಿಗೆ ಅಂದಿದೀನಿ. ಆದ್ರೆ ಬಂದ ಕಾರಣ ಬಂದ ಕಾರಣವೇ. ನೋಡೋಕೆ ಅಂತ ಬಂದು ನೋಡದೆ ಹೋದ್ರೆ ಅವರ ಮನೆಯವರಿಗೆ ಅವಮಾನ."

"ಅವಮಾನ ಆಗಿ ಹೋಯ್ತು. ಆವತ್ತೇ."

ಅವನು ನನ್ನನ್ನ ನೋಡಿದ. ಅಷ್ಟು ಹೊತ್ತಿನಲ್ಲಿ ಅದೊಂದೇ ಸಲ ಅವನ ಕಣ್ಣಲ್ಲಿ ಸಿಟ್ಟು ಕಂಡದ್ದು. "ಹಾಗಾದ್ರೆ ಇನ್ನೂ ತಡ ಮಾಡೋದು ಬೇಡ. ಹೆಣ್ಣು ನೋಡೋಕೆ ಒಬ್ಬನೇ ಹೋಗಬಾರದು. ನನಗೆ ಈ ಊರಲ್ಲಿ ಇರೋನು ನೀನೊಬ್ಬ. ನಡಿ, ನನ್ನ ಜೊತೆ ಬಾ."

ನಾನು ಏನು ಮಾಡಲಿ, ಹೋದೆ. ಮೈದಾನ ಬಿಟ್ಟು ಏರಿ ಸುತ್ತಿ ಹೋದ್ವಿ. ಅರ್ಧ ಗಂಟೆ ಅವನು ಮುಂದೆ, ನಾನು ಹಿಂದೆ. ಪೇಟೆ ಬೀದಿಗೆ ಬಂದಾಗ ಜನ ನನ್ನನ್ನ ಒಂಥರಾ ನೋಡ್ತಿದ್ರು. ಕುತ್ತಿಗೆಯಲ್ಲಿ ರಿಮೋಟು ಹಾಗೇ ಇತ್ತು, ತೆಗೆಯೋಕೆ ಮರೆತಿದ್ದೆ. ಯಂತ್ರ ಹಿಂದೆ ಎಲ್ಲೋ ತಾನಾಗೇ ನಿಂತಿರಬೇಕು.

ಮನೆ ಬಾಗಿಲಲ್ಲಿ ಕೊಟ್ರೇಶಿ ಚಪ್ಪಲಿ ಬಿಟ್ಟು, ಕೆಮ್ಮಿ, "ರಾಚಪ್ಪನವರ ಮನೆ ಇದೇನಾ?" ಅಂದ. ನೀಲಮ್ಮ ಒಳಗಿಂದ ಬಂದ್ಲು. ಕೈಯಲ್ಲಿ ಮೊರ ಇತ್ತು, ಅಕ್ಕಿ ಆರಿಸ್ತಿದ್ಲು ಅಂತ ಕಾಣುತ್ತೆ. "ಏನು ಕೊಟ್ರೇಶಿ, ಇವತ್ತು ಬಸ್ಸಿಗೆ ಹೊರಡ್ತೀಯ ಅಂದ್ರು ಇವರು."

"ನಾನು ಹೆಣ್ಣು ನೋಡೋಕೆ ಬಂದವನು" ಅಂದ. "ಇಪ್ಪತ್ತೆರಡು ವರ್ಷದ ಹಿಂದೆ ಬರಬೇಕಿತ್ತು. ಮೈದಾನದಲ್ಲಿ ತಡ ಆಯ್ತು. ತಪ್ಪು ತಿಳೀಬೇಡಿ."

ನೀಲಮ್ಮ ಅವನನ್ನ ನೋಡಿದ್ಲು. ಅವನ ಅಂಗಿ ನೋಡಿದ್ಲು. ಆಮೇಲೆ ನನ್ನನ್ನ. ನಾನು ತಲೆ ತಗ್ಗಿಸಿದೆ. ಅವಳಿಗೆ ಹೆಚ್ಚು ಹೇಳಬೇಕಾಗಲಿಲ್ಲ, ಕೂಗಾಳಿನ ಹೆಂಡತಿ. "ಅವತ್ತು ಕೂಗಿದ್ದು ನೀವಾ?" ಅಂದ್ಲು. "ಹ್ಞೂ" ಅಂದೆ. "ಬೇರೆ ಏನೋ ಕೂಗಿದ್ರಿ." "ಹ್ಞೂ."

ಮೊರ ಕೆಳಗಿಟ್ಟಳು. ಅಕ್ಕಿ ಒಂದು ಕಾಳೂ ಚೆಲ್ಲಲಿಲ್ಲ. "ಅವತ್ತು ಹತ್ತು ಗಂಟೆಗೆ ಉಪ್ಪಿಟ್ಟು ಮಾಡಿಟ್ಟು ಕೂತಿದ್ದೆ" ಅಂದ್ಲು. ನಮ್ಮಿಬ್ಬರಲ್ಲಿ ಯಾರಿಗೂ ಅಲ್ಲ, ಗೋಡೆಗೆ ಹೇಳಿದ ಹಾಗೆ. "ಅಪ್ಪ ಸಂಜೆವರೆಗೂ ಬಾಗಿಲಲ್ಲಿ ನಿಂತಿದ್ರು. ಆಮೇಲೆ, ನಿನ್ನಲ್ಲಿ ಏನು ಕೊರತೆ ಕಂಡನೋ ಅಂತ ನನ್ನ ಮುಖ ನೋಡಿದ್ರು. ಸಾಯೋವರೆಗೂ ಅವರು ಹಾಗೆ ನೋಡೋದು ಬಿಡಲಿಲ್ಲ." ಸೆರಗಿನಿಂದ ಕಣ್ಣು ಒತ್ತಿಕೊಂಡ್ಲು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು.

ಸ್ವಲ್ಪ ಹೊತ್ತಿಗೆ ಅವಳ ಮುಖ ಬದಲಾಯ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಆ ಮುಖ ನೋಡಿರಲಿಲ್ಲ. ಕೊಟ್ರೇಶಿಗೆ ಕುರ್ಚಿ ತೋರಿಸಿ, "ಕೂತ್ಕೊಳ್ಳಿ" ಅಂದ್ಲು. ನನ್ನ ಕಡೆ ತಿರುಗಿ, "ನೀವು ಯಾರ ಕಡೆಯವರು?" ಅಂತ ಕೇಳಿದ್ಲು.

"ಗಂಡಿನ ಕಡೆ" ಅಂದೆ.

"ಹಾಗಾದ್ರೆ ನೀವೂ ಕೂತ್ಕೊಳ್ಳಿ."

ಒಳಗೆ ರವೆ ಹುರಿಯೋ ವಾಸನೆ ಬಂತು. ಎರಡು ತಟ್ಟೆ ತಂದು ಇಬ್ಬರ ಮುಂದೆ ಇಟ್ಟಳು. ಇಡುವಾಗ ತಲೆ ತಗ್ಗಿಸಲಿಲ್ಲ. ಎದುರಿಗೆ ತಾನೂ ಒಂದು ಕುರ್ಚಿ ಎಳೆದುಕೊಂಡು ಕೂತು ಕೊಟ್ರೇಶಿಯನ್ನ ಕೇಳಿದ್ಲು, "ಏನು ಕೆಲಸ ಮಾಡ್ತೀರಿ?"

"ಮರಳು ಚೆಲ್ಲೋದು. ಈಗ ಇಲ್ಲ."

"ಅಡುಗೆ ಬರುತ್ತಾ?"

"ಅನ್ನ, ಸಾರು. ಮುದ್ದೆ ಸ್ವಲ್ಪ ಗಂಟಾಗುತ್ತೆ."

ನನ್ನ ಕಡೆ ತಿರುಗಿದ್ಲು. "ನಿಮಗೆ?"

"ನನಗ್ಯಾಕೆ ಕೇಳ್ತೀಯ."

"ಬಂದವರನ್ನ ಕೇಳಬೇಕಲ್ಲ. ಅವತ್ತು ಯಾರೂ ಸಿಗಲಿಲ್ಲ ಕೇಳೋಕೆ. ಏನು ಕೆಲಸ?"

"ರಿಮೋಟು ಓಡಿಸೋದು."

"ಅಡುಗೆ?"

"ಬರಲ್ಲ."

ಉಪ್ಪಿಟ್ಟಿಗೆ ಉಪ್ಪು ಸರಿಯಾಗಿತ್ತು. ಇಬ್ಬರೂ ತಟ್ಟೆ ಖಾಲಿ ಮಾಡಿದ್ವಿ. ಕೊಟ್ರೇಶಿ ಎದ್ದು ಕೈ ಮುಗಿದ. ಅವನ ಮುಖ ನೋಡಿದ್ರೆ ಎದೆ ಹಗುರ ಆದ ಹಾಗಿತ್ತು. ನಾನು ಎದ್ದು, ಅಭ್ಯಾಸದ ಮೇಲೆ ಒಳಗೆ ಕೈ ತೊಳೆಯೋಕೆ ಹೊರಟೆ. ನೀಲಮ್ಮ ನಡುಮನೆಯ ಬಾಗಿಲಿಗೆ ಅಡ್ಡ ನಿಂತಿದ್ಲು. "ಕೈ ಹೊರಗೆ ತೊಳಕೊಳ್ಳಿ. ಇಬ್ಬರೂ ಈಗ ಹೊರಡಿ. ನಾನು ಯೋಚನೆ ಮಾಡಿ ಹೇಳಿ ಕಳಿಸ್ತೀನಿ."

ಹನ್ನೆರಡೂವರೆ ಬಸ್ಸು ಹೋಗಿಬಿಟ್ಟಿತ್ತು. ಹೆಣ್ಣಿನ ಕಡೆಯವರು ಹೇಳಿ ಕಳಿಸೋವರೆಗೆ ಊರು ಬಿಡಬಾರದು ಅಂತ ಕೊಟ್ರೇಶಿ ಮಾರನೇ ದಿನದ ಬಸ್ಸೂ ಹತ್ತಲಿಲ್ಲ. ಈಗ ಪಂಪ್‌ಹೌಸಿನ ಕೋಣೆಯಲ್ಲಿ ಇಬ್ಬರೂ ಇದೀವಿ. ಅಡುಗೆ ಅವನದು, ಮುದ್ದೆ ನಿಜಕ್ಕೂ ಗಂಟಾಗುತ್ತೆ. ಬೆಳಿಗ್ಗೆ ನಾನು ದಡದ ಮೇಲೆ ನಿಂತು ಯಂತ್ರ ಓಡಿಸ್ತೀನಿ, ಅವನು ಮರಳು ಅಮುಕಿ ನೋಡಿ ಹಸಿ, ಒಣ ಹೇಳ್ತಾನೆ. ಮಾತು ಕಮ್ಮಿ. ನಿನ್ನೆ ನೀಲಮ್ಮ ಕೈಚೀಲ ಹಿಡಿದು ಏರಿ ಮೇಲೆ ಬರೋದು ಕಾಣಿಸ್ತು. ಯಂತ್ರ ನಿಲ್ಲಿಸಿದೆ. ಇಬ್ಬರೂ ಎದ್ದು ನಿಂತು ಅಂಗಿ ಸರಿಮಾಡಿಕೊಂಡ್ವಿ. ಅವಳು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ತನ್ನ ದಾರಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ್ಲು. ಇವತ್ತಿಗೆ ಹತ್ತೊಂಬತ್ತು ದಿನ. ಇನ್ನೂ ಹೇಳಿ ಕಳಿಸಿಲ್ಲ.